ಈ ಬಾಗಿಲಾಚೆ ಹೋಗದ ಮಾತು

ಸೆಪ್ಟೆಂಬರ್ ೬

ಪ್ರಿಯ ಅಲ್ಪವಿರಾಮ,

ಈ ಹೆಸರು ನೋಡಿದ ಕೂಡಲೇ ಬರೆದವರು ಯಾರೆಂದು ಗೊತ್ತಾಗಿರುತ್ತದೆ. ಎರಡು ಮಾತಿನ ನಡುವೆ ಒಂದು ಉಸಿರು ನಿಲ್ಲಿಸುತ್ತೀಯೆಂದು ಮಕ್ಕಳು ನಿನಗಿಟ್ಟ ಹೆಸರು ಅದು. ಅದನ್ನು ಕತ್ತರಿಸಿ ‘ಅಲ್ಪ’ ಎಂದು ಕರೆದು ನಿನ್ನಿಂದ ಬೈಸಿಕೊಳ್ಳುತ್ತಿದ್ದವಳು ನಾನೊಬ್ಬಳೇ. ನನಗಿಟ್ಟಿದ್ದು ‘ರೈಲು’. ಹೊರಟರೆ ನಿಲ್ಲುವುದಿಲ್ಲ, ನಡುವೆ ಯಾರೂ ಇಳಿಯುವಂತಿಲ್ಲ ಎಂದು. ಹನ್ನೊಂದು ವರ್ಷವಾದರೂ ಆ ಹೆಸರು ಹೋಗಿಲ್ಲ. ಈಗಿನ ಮಕ್ಕಳಿಗೆ ಯಾರು ಹೇಳಿಕೊಟ್ಟರೋ.

ಫೋನ್ ಮಾಡಬಹುದಿತ್ತು. ನಿಮ್ಮ ಶಾಲೆಯ ಕಚೇರಿ ನಂಬರು ಹುಡುಕಿ ಎರಡು ಸಲ ಒತ್ತಿದೆ, ಎರಡು ಸಲವೂ ಗಂಟೆ ಆಗುವ ಮೊದಲೇ ಇಟ್ಟುಬಿಟ್ಟೆ. ಅದಕ್ಕೇ ಕಾಗದ.

ವಿಷಯಕ್ಕೆ ಬರುತ್ತೇನೆ. ನೀನಿದ್ದಾಗಿನ ಹೆಡ್‌ಮಾಸ್ತರು ನಿವೃತ್ತರಾದರು. ಈ ವರ್ಷ ಅವರ ಜಾಗಕ್ಕೆ ಒಬ್ಬರು ಮೇಡಂ ಬಂದಿದ್ದಾರೆ, ನಡೆಯುವಾಗಲೂ ಗಡಿಯಾರ ನೋಡುವಂಥವರು. ಭಾಷೆ ಕಲಿಸುವವರೆಲ್ಲ ಹದಿನೈದು ದಿನಕ್ಕೊಮ್ಮೆ ಒಟ್ಟಿಗೆ ಕೂತು, ತಂತಮ್ಮ ಪಾಠವನ್ನು ತಾವೇ ತಿರುಗಿ ನೋಡಿಕೊಳ್ಳಬೇಕಂತೆ. ಮೇಲಿನವರು ಯಾರೂ ಇರುವುದಿಲ್ಲ, ನಾವು ನಾವೇ. ನಡೆಸುವ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ. ಜೊತೆಗೊಂದು ಕೈಪಿಡಿ ಕೊಟ್ಟಿದ್ದಾರೆ, ಅದರ ಮೊದಲ ಪುಟದಲ್ಲೇ ಮೊದಲ ನಿಯಮ: ‘ಇಲ್ಲಿ ಆಡಿದ ಮಾತು ಈ ಬಾಗಿಲಾಚೆ ಹೋಗುವಂತಿಲ್ಲ ಎಂದು ನಡೆಸುವವರು ಆರಂಭದಲ್ಲೇ ಸ್ಪಷ್ಟವಾಗಿ ಹೇಳಬೇಕು.’

ಮನೆಯಲ್ಲಿ ಕನ್ನಡಿ ಮುಂದೆ ನಿಂತು ಆ ಒಂದು ವಾಕ್ಯ ಹೇಳಿ ನೋಡಿದೆ. ಬಾಯಿಗೆ ಬರಲಿಲ್ಲ. ನನಗೆ ಬಾಯಿಗೆ ಬಾರದ ವಾಕ್ಯ ಇದೆಯೆಂದರೆ ನೀನು ನಗುತ್ತೀಯ.

ಒಂದು ತರಬೇತಿಯ ಪಟ್ಟಿಯಲ್ಲಿ ನಿನ್ನ ಹೆಸರು ನೋಡಿದೆ. ನಿಮ್ಮಲ್ಲಿ ಇಂಥ ಗುಂಪನ್ನು ನೀನೇ ಐದು ವರ್ಷದಿಂದ ನಡೆಸುತ್ತಿದ್ದೀಯಂತೆ. ಹೇಗೆ ನಡೆಸಬೇಕು, ಹೇಳಿಕೊಡುತ್ತೀಯಾ? ಇಷ್ಟು ವರ್ಷದ ಮೇಲೆ ಕೇಳುವುದು ಇದನ್ನೇ ಎಂದು ಬೇಸರವಾದರೆ ಉತ್ತರ ಬರೆಯಬೇಡ. ನಾನು ಏನೂ ಅಂದುಕೊಳ್ಳುವುದಿಲ್ಲ. (ಅಂದುಕೊಳ್ಳುತ್ತೇನೆ.)

ನಿನ್ನ,
ರೈಲು


ಸೆಪ್ಟೆಂಬರ್ ೨೭

ನಮಸ್ಕಾರ.

ಪತ್ರ ತಲುಪಿತು. ಆರೋಗ್ಯವಾಗಿದ್ದೇನೆ. ಕೇಳಿದ್ದಕ್ಕೆ ಉತ್ತರ.

ಮೇಜು ಬೇಡ. ಮೇಜಿದ್ದರೆ ಅದಕ್ಕೊಂದು ತಲೆಕಡೆ ಇರುತ್ತದೆ, ಅಲ್ಲಿ ಯಾರೋ ಒಬ್ಬರು ಕೂರುತ್ತಾರೆ. ಹೊತ್ತಿಗೆ ಸರಿಯಾಗಿ ಶುರುಮಾಡಿ ಹೊತ್ತಿಗೆ ಸರಿಯಾಗಿ ಮುಗಿಸಬೇಕು. ಒಂದು ದಿನಕ್ಕೆ ಒಬ್ಬರದೇ ಪಾಠ. ಅವರು ತರಗತಿಯಲ್ಲಿ ನಡೆದದ್ದನ್ನು ನಡೆದ ಹಾಗೆ ಹೇಳಬೇಕು, ಉಳಿದವರು ಪ್ರಶ್ನೆ ಮಾತ್ರ ಕೇಳಬೇಕು. ‘ನಾನಾಗಿದ್ದರೆ’ ಎಂದು ಯಾರಾದರೂ ಶುರುಮಾಡಿದರೆ ಅಲ್ಲೇ ನಿಲ್ಲಿಸು. ಸಲಹೆ ಬೇಕಾದವರು ಕೇಳುತ್ತಾರೆ.

ನಡೆಸುವವರು ಎಲ್ಲರಿಗಿಂತ ಕಡಿಮೆ ಮಾತಾಡಬೇಕು. ಇದು ನಿನಗೆ ಕಷ್ಟ.

ಮೊದಲ ನಿಯಮ ಹೇಳಲು ಬಾರದಿದ್ದರೆ ಓದಿಬಿಡು. ಓದುವುದಕ್ಕೆ ನಾಲಗೆ ಸಾಕು.

ಇತಿ


ಅಕ್ಟೋಬರ್ ೨೧

ಪ್ರಿಯ ಅಲ್ಪವಿರಾಮ,

ಉತ್ತರ ಬರೆದೆಯಲ್ಲ, ಸಾಕು. ಕೊನೆಯಲ್ಲಿ ಹೆಸರು ಹಾಕದೇ ಇದ್ದದ್ದನ್ನು ನೋಡಿದೆ. ಇರಲಿ.

ಎರಡು ಸಭೆ ಮುಗಿದವು. ಚಿತ್ರಕಲೆಯ ಕೊಠಡಿ ಸಿಕ್ಕಿದೆ. ಗೋಡೆಯುದ್ದಕ್ಕೂ ಒಣಗಲು ನೇತುಹಾಕಿದ ಹಾಳೆಗಳು, ನೆಲದ ತುಂಬ ಬಣ್ಣದ ಕಲೆ. ಕುರ್ಚಿಗಳಿಲ್ಲ, ಮೊಣಕಾಲೆತ್ತರದ ಸ್ಟೂಲುಗಳು. ನಾವು ನಾಲ್ವರು. ನಾನು. ಎರಡನೇ ಭಾಷೆಯ ಮೇಡಂ, ಕೈಯಲ್ಲಿ ಸದಾ ಹೆಣಿಗೆ, ಕಡ್ಡಿ ನಿಂತರೆ ಏನೋ ಹೇಳುತ್ತಾರೆ ಎಂದರ್ಥ. ನಿವೃತ್ತಿಗೆ ಒಂದೂವರೆ ವರ್ಷವಿರುವ ಹಿರಿಯ ಮೇಷ್ಟ್ರು. ಮತ್ತೆ ಈ ವರ್ಷ ಸೇರಿದ ಹೊಸ ಮೇಷ್ಟ್ರು. ವಯಸ್ಸು ಇಪ್ಪತ್ತಾರು, ಕೆಲಸ ಇನ್ನೂ ಖಾಯಂ ಆಗಿಲ್ಲ. ಎಲ್ಲಿ ಕೂತರೂ ಅರ್ಧ ಎದ್ದ ಹಾಗೇ ಕೂರುತ್ತಾರೆ.

ನಿಯಮವನ್ನು ನೀನು ಹೇಳಿದಂತೆ ಓದಿಬಿಟ್ಟೆ. ಹಿರಿಯ ಮೇಷ್ಟ್ರು ತಕ್ಷಣ ಕೇಳಿದರು: “ಮೂವತ್ತೆಂಟು ವರ್ಷದಿಂದ ಸ್ಟಾಫ್ ರೂಮಲ್ಲಿ ಆಡಿದ ಮಾತು ಊರೆಲ್ಲ ಸುತ್ಕೊಂಡು ಬರೋದು ನೋಡಿದೀನಿ. ಇದೊಂದು ರೂಮಿಗೆ ಮಾತ್ರ ಬೀಗ ಹೇಗೆ ಬೀಳತ್ತೆ ಮೇಡಂ?”

“ನೋಡೋಣ ಸಾರ್,” ಎಂದೆ. ಬೇರೆ ಏನು ಹೇಳಲಿ?

ಮೊದಲ ಸಭೆಯಲ್ಲಿ ಎಲ್ಲರೂ ಹೊಗಳಿಕೊಂಡದ್ದೇ. ನನ್ನ ಮಕ್ಕಳು ಪದ್ಯ ಕೇಳಿ ಕಣ್ಣೀರು ಹಾಕಿದರು, ನನ್ನ ಮಕ್ಕಳು ಗಂಟೆ ಹೊಡೆದರೂ ಏಳಲಿಲ್ಲ ಎಂದು. ಕೇಳುತ್ತಿದ್ದರೆ ಇಡೀ ದೇಶದ ಒಳ್ಳೆಯ ಶಿಕ್ಷಕರು ಆ ನಾಲ್ಕು ಸ್ಟೂಲುಗಳ ಮೇಲೇ ಕೂತಿದ್ದಾರೆ ಅನ್ನಿಸುತ್ತಿತ್ತು. ಎರಡನೆಯ ಸಭೆಯಲ್ಲಿ ಹೊಗಳಿಕೊಳ್ಳುವುದೂ ಮುಗಿದು, ಒಂದೂವರೆ ಗಂಟೆ ಬಿಸ್ಕತ್ತು ತಿನ್ನುವ ಸದ್ದು ಕೇಳಿದೆವು. ಆ ಮೌನವನ್ನು ನಾನು ತುಂಬಲಿಲ್ಲ ಕಣೇ. ನಾಲಗೆ ಕಚ್ಚಿಕೊಂಡು ಕೂತಿದ್ದೆ. ಮನೆಗೆ ಬಂದು ನಮ್ಮೆಜಮಾನರ ಹತ್ತಿರ ಎರಡು ಗಂಟೆ ಮಾತಾಡಿದೆ. ಪಾಪ, ಅವರು ಪೇಪರ್ ಓದುತ್ತಿದ್ದರು.

ಈಗೇನು ಮಾಡಲಿ?

ನಿನ್ನ,
ರೈಲು


ನವೆಂಬರ್ ೪

ರೈಲಿಗೆ,

ಯಾರೂ ಬಾಯಿ ಬಿಡದಿದ್ದರೆ ನಡೆಸುವವರೇ ಮೊದಲು ಬಿಡಬೇಕು. ಒಳ್ಳೆಯ ಪಾಠವಲ್ಲ, ಕೆಟ್ಟ ಪಾಠ. ನಿನ್ನ ಒಂದು ತರಗತಿಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಹೋಗಿ ಎಲ್ಲರೆದುರು ಹಾಕು. ನಾನು ಮೊದಲ ವರ್ಷ ಹಾಗೆ ಮಾಡಿದೆ. ನನ್ನ ದನಿ ಕೇಳಿ ಇವಳು ಯಾರೋ ಬೇರೆಯವಳು ಅನ್ನಿಸಿತ್ತು.

ಫೋನ್ ಮಾಡಬಹುದಿತ್ತು ಎಂದು ಬರೆದಿದ್ದೆಯಲ್ಲ, ನನ್ನ ನಂಬರು ಕೊಡುವುದಿಲ್ಲ. ಫೋನಿನಲ್ಲಿ ನೀನು ನನಗೆ ಮಾತಾಡಲು ಬಿಡುವುದಿಲ್ಲ. ಕಾಗದದಲ್ಲಾದರೆ ಹಾಳೆ ಮುಗಿಯುತ್ತದೆ.

ಇಲ್ಲಿ ನನ್ನ ಮನೆ ಶಾಲೆಯ ಹಿಂದಿನ ಬೀದಿಯಲ್ಲೇ, ಎರಡನೇ ಮಹಡಿ. ಕೆಳಗೆ ಚಪ್ಪಲಿ ಹೊಲಿಯುವವರೊಬ್ಬರ ಅಂಗಡಿ. ಬೆಳಗ್ಗೆಯಿಂದ ಸಂಜೆವರೆಗೆ ಟಕ್ ಟಕ್. ಮೊದಮೊದಲು ತಲೆನೋವು ಬರುತ್ತಿತ್ತು, ಈಗ ಅವರು ರಜೆ ಹಾಕಿದ ದಿನ ಬರುತ್ತದೆ. ಒಬ್ಬಳೇ ಇದ್ದೇನೆ, ಚೆನ್ನಾಗಿದ್ದೇನೆ. ನೀನು ಕೇಳಲಿಲ್ಲ, ಆದರೂ ಹೇಳಿದೆ.

ಇತಿ,
ಅ. ವಿ.


ನವೆಂಬರ್ ೨೫

ಪ್ರಿಯ ಅ. ವಿ.,

ಎರಡಕ್ಷರ ಸಿಕ್ಕಿತು! ಲಕೋಟೆಯನ್ನು ಎತ್ತಿಟ್ಟಿದ್ದೇನೆ.

ಒಂಬತ್ತನೇ ತರಗತಿಯ ಪಾಠ ರೆಕಾರ್ಡ್ ಮಾಡಿಕೊಂಡು ಹೋಗಿ ಕೇಳಿಸಿದೆ. ಎರಡನೇ ಭಾಷೆಯ ಮೇಡಂ ಕಡ್ಡಿ ಕೆಳಗಿಟ್ಟು ಕೈಗಡಿಯಾರ ಬಿಚ್ಚಿ ಹಿಡಿದರು. ನಲವತ್ತು ನಿಮಿಷದಲ್ಲಿ ನಾನು ಮೂವತ್ತಮೂರು ನಿಮಿಷ ಮಾತಾಡಿದ್ದೇನೆ. ಹದಿನೇಳು ಪ್ರಶ್ನೆ ಕೇಳಿದ್ದೇನೆ, ಹದಿನಾಲ್ಕಕ್ಕೆ ನಾನೇ ಉತ್ತರ ಹೇಳಿದ್ದೇನೆ. ಪ್ರಶ್ನೆಗೂ ನನ್ನ ಉತ್ತರಕ್ಕೂ ನಡುವೆ ಒಂದು ಸೆಕೆಂಡು ಕೂಡ ಇಲ್ಲ.

ಮೇಡಂ ಗಡಿಯಾರವನ್ನು ಮತ್ತೆ ಕೈಗೆ ಕಟ್ಟಿಕೊಂಡರು. ಆಮೇಲೆ ಹಿರಿಯ ಮೇಷ್ಟ್ರು ಬಹಳ ಮೆಲ್ಲಗೆ ಕೇಳಿದರು: “ಮೇಡಂ, ಆ ಪ್ರಶ್ನೆಗಳನ್ನ ನೀವು ಕೇಳಿದ್ದು ಯಾರನ್ನ?”

ಇಪ್ಪತ್ತಮೂರು ವರ್ಷದ ಸರ್ವಿಸಿನಲ್ಲಿ ನನ್ನನ್ನು ಯಾರೂ ಇಷ್ಟು ಮರ್ಯಾದೆಯಿಂದ ಇಷ್ಟು ಜೋರಾಗಿ ಹೊಡೆದಿರಲಿಲ್ಲ.

ಮರುದಿನದಿಂದ ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಐದರ ತನಕ ಎಣಿಸಲು ಶುರುಮಾಡಿದೆ. ಮೊದಲ ದಿನ ಮಕ್ಕಳು ಗಾಬರಿಯಾದರು. ಒಬ್ಬಳು “ಮೇಡಂ, ಹುಷಾರಿಲ್ವಾ?” ಎಂದಳು. ನಾಲ್ಕನೇ ದಿನ ಕಿಟಕಿ ಪಕ್ಕದ ಒಬ್ಬಳು ಎದ್ದು ನಿಂತಳು. ವರ್ಷವೆಲ್ಲ ‘ಹಾಜರ್’ ಬಿಟ್ಟು ಬೇರೆ ಶಬ್ದವನ್ನು ಅವಳ ಬಾಯಿಂದ ನಾನು ಕೇಳಿರಲಿಲ್ಲ. ಉತ್ತರ ಪೂರ್ತಿ ತಪ್ಪು. ಆದರೆ ಎಂಥ ತಪ್ಪು! ಐದು ವಾಕ್ಯ, ಒಂದಕ್ಕೊಂದು ಕೊಂಡಿ ಹಾಕಿಕೊಂಡು. ನಾನು ಸರಿಮಾಡಲಿಲ್ಲ. “ಹಾಗೆ ಯಾಕೆ ಅನ್ಸ್ತು?” ಎಂದು ಕೇಳಿ ಮತ್ತೆ ಐದು ಎಣಿಸಿದೆ.

ಇನ್ನೊಂದು ವಿಷಯ. ನನ್ನ ಮಾನ ಹೋದದ್ದನ್ನು ನೋಡಿಯೋ ಏನೋ, ಮುಂದಿನ ಸಭೆಯಲ್ಲಿ ಹೊಸ ಮೇಷ್ಟ್ರು ಬಾಯಿ ಬಿಟ್ಟರು. ಎಂಟನೇ ತರಗತಿಗೆ ಹೋಗಲು ಅವರಿಗೆ ಹೆದರಿಕೆಯಂತೆ. ಗಂಟೆ ಹೊಡೆಯುವ ಮೊದಲೇ ಹೋಗಿ ಬಾಗಿಲ ಹಿಂದೆ ನಿಂತು ಉಸಿರು ಸರಿಮಾಡಿಕೊಳ್ಳುತ್ತಾರಂತೆ. ಒಳಗೆ ಹೋಗಿ ಐದು ನಿಮಿಷಕ್ಕೆ ಗಲಾಟೆ ಶುರು. ಆಗ ಎಲ್ಲರನ್ನೂ ಡೆಸ್ಕಿನ ಮೇಲೆ ತಲೆಯಿಟ್ಟು ಕೂರಿಸಿಬಿಡುತ್ತಾರೆ, ಗಂಟೆ ಆಗುವವರೆಗೆ. “ಒಂದು ತಿಂಗ್ಳಿಂದ ಒಂದು ಪದ್ಯನೂ ಮಾಡಿಲ್ಲ ಮೇಡಂ,” ಎಂದಾಗ ಅವರ ಸ್ಟೂಲು ಅಲ್ಲಾಡುತ್ತಿತ್ತು.

ನಾವು ಪ್ರಶ್ನೆ ಕೇಳಿದೆವು. ಅವರು ಉತ್ತರಿಸುತ್ತ ಹೋದರು. ಹೋಗುವಾಗ ಅವರ ಮುಖಕ್ಕೆ ಸ್ವಲ್ಪ ಕಳೆ ಬಂದಿತ್ತು. ನಾನು ಮಾತ್ರ ಆ ದಿನವೆಲ್ಲ ಸರಿಯಿರಲಿಲ್ಲ. ಯಾಕೆಂದು ನಿನಗೆ ಗೊತ್ತಿರಬಹುದು.

ನಿನ್ನ,
ರೈಲು


ಡಿಸೆಂಬರ್ ೧೦

ಪ್ರಿಯ ಅಲ್ಪವಿರಾಮ,

ನಿನ್ನ ಉತ್ತರ ಬರುವ ಮೊದಲೇ ಮತ್ತೆ ಬರೆಯುತ್ತಿದ್ದೇನೆ. ತಮಾಷೆಯ ಪತ್ರವಲ್ಲ.

ಇವತ್ತು ಮಧ್ಯಾಹ್ನ ಹೆಡ್‌ಮೇಡಂ ಕರೆದರು. ಅದೇ ಕೋಣೆ, ಅದೇ ಹಸಿರು ಬಟ್ಟೆಯ ಮೇಜು. ಮನುಷ್ಯರು ಮಾತ್ರ ಬೇರೆ.

“ಹೊಸ ಮೇಷ್ಟ್ರನ್ನ ಖಾಯಂ ಮಾಡೋ ಕಾಗದಕ್ಕೆ ನಾನು ರುಜು ಹಾಕ್ಬೇಕು,” ಎಂದರು. “ಗುಂಪಲ್ಲಿ ಮನಸ್ಸು ಬಿಚ್ಚಿ ಮಾತಾಡ್ತಾರಂತಲ್ಲ. ಹೇಗಿದ್ದಾರೆ ಹೇಳಿ. ನೀವು ಹಿರಿಯರು, ನಿಮ್ಮ ಮಾತು ಸಾಕು ನನಗೆ.”

ಅವರ ದನಿಯಲ್ಲಿ ಕೇಡು ಇರಲಿಲ್ಲ. ನನ್ನ ಮೇಲೆ ನಂಬಿಕೆಯಿಟ್ಟು ಕೇಳಿದರು. ಆ ನಂಬಿಕೆಯೇ ಎಷ್ಟು ಸಿಹಿ ಗೊತ್ತಾ? ನಾನು ಬಾಯಿ ತೆರೆದೆ. “ಅವ್ರಿಗೆ ಎಂಟನೇ ತರಗತಿ ಸ್ವಲ್ಪ…” ಅಷ್ಟು ಹೇಳಿಬಿಟ್ಟೆ. ಅಲ್ಲಿಗೆ ಕೆಮ್ಮು ಬಂತು, ನೀರು ಕೇಳಿದೆ, ನಾಳೆ ಬಂದು ಮಾತಾಡುತ್ತೇನೆ ಎಂದು ಎದ್ದು ಬಂದೆ.

ಹನ್ನೊಂದು ವರ್ಷದ ಹಿಂದೆ ಇದೇ ಕೋಣೆಯಲ್ಲಿ ಇದೇ ಪ್ರಶ್ನೆ ಕೇಳಿದಾಗ ನನಗೆ ಕೆಮ್ಮು ಬರಲಿಲ್ಲ.

ನಿಮ್ಮ ತಂದೆ ತೀರಿಕೊಂಡ ವರ್ಷ. ನೀರಿನ ನಲ್ಲಿಯ ಹತ್ತಿರ ನಿಂತು ನೀನು ನನ್ನೊಬ್ಬಳಿಗೇ ಹೇಳಿದ್ದೆ. ಹತ್ತನೇ ತರಗತಿಯ ಮುಂದೆ ನಿಂತರೆ ಗಂಟಲು ಕಟ್ಟುತ್ತದೆ, ಎರಡು ತಿಂಗಳಿಂದ ಮಕ್ಕಳಿಗೆ ಬರೀ ನಕಲು ಬರೆಸುತ್ತಿದ್ದೇನೆ ಎಂದು. ವಾರದೊಳಗೆ ಹೆಡ್‌ಮಾಸ್ತರು ಕರೆದು “ನಿಮ್ಮ ಸ್ನೇಹಿತೆ ಹೇಗಿದ್ದಾರೆ?” ಎಂದರು. ನಾನು ಎಲ್ಲ ಹೇಳಿದೆ. ಅವಳಿಗೆ ಸ್ವಲ್ಪ ಬಿಡುವು ಬೇಕು ಸಾರ್, ಒಳ್ಳೇದಕ್ಕೇ ಹೇಳ್ತಿದೀನಿ ಎಂದೆ. ಮರುವಾರ ನಿನ್ನನ್ನು ಲೈಬ್ರರಿಗೆ ಹಾಕಿ ಆ ತರಗತಿಯನ್ನು ನನಗೆ ಕೊಟ್ಟರು. ವರ್ಷದ ಕೊನೆಯಲ್ಲಿ ನೀನು ಊರು ಬಿಟ್ಟೆ. ನಾನು ಬಸ್ ನಿಲ್ದಾಣಕ್ಕೂ ಬರಲಿಲ್ಲ.

ಒಳ್ಳೆಯದಕ್ಕೇ ಹೇಳಿದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದೆ. ಇವತ್ತು ಆ ಬಾಗಿಲಿಂದ ಹೊರಗೆ ಬರುವಾಗ ಗೊತ್ತಾಯಿತು, ಅದು ಪೂರ್ತಿ ನಿಜವಲ್ಲ. ಹತ್ತನೇ ತರಗತಿ ನನಗೆ ಬೇಕಾಗಿತ್ತು. ನಿನಗೆ ಸಿಕ್ಕಿದ್ದನ್ನು ನೋಡಿ ಹೊಟ್ಟೆ ಉರಿದಿತ್ತು. ನೀನು ನನ್ನನ್ನು ನಂಬಿ ಹೇಳಿದ್ದನ್ನು ನಾನು ಕೊಟ್ಟುಬಿಟ್ಟೆ.

ತಪ್ಪಾಯಿತು. ಇದನ್ನು ಬರೆಯಲು ನಾಲ್ಕು ಪತ್ರ ಬೇಕಾಯಿತು.

ರೈಲು


ಜನವರಿ ೧೮

ರೈಲಿಗೆ,

ಉತ್ತರ ತಡವಾಯಿತು. ಎರಡು ಸಲ ಬರೆದು ಹರಿದೆ.

ನನಗೆ ಮೊದಲ ದಿನದಿಂದಲೇ ಗೊತ್ತಿತ್ತು. ನಲ್ಲಿಯ ಹತ್ತಿರ ನಾನು ನಿನಗೆ ಇನ್ನೊಂದು ಮಾತು ಹೇಳಿದ್ದೆ, ನೀನು ಮರೆತಿದ್ದೀಯ. ಆ ಮಕ್ಕಳ ಮುಖ ನೋಡಿದರೆ ದಡ ಕಾಣದ ನೀರು ನೋಡಿದ ಹಾಗಾಗುತ್ತದೆ ಎಂದಿದ್ದೆ. ಹೆಡ್‌ಮಾಸ್ತರು ನನ್ನನ್ನು ಕರೆದು ಬಹಳ ಕರುಣೆಯಿಂದ “ದಡ ಕಾಣದ ನೀರು ಅನ್ನಿಸ್ತಿದ್ಯಂತೆ, ಹೌದೇನಮ್ಮಾ?” ಎಂದರು. ನನ್ನದೇ ಮಾತು, ಬೇರೆಯವರ ಬಾಯಲ್ಲಿ. ತರಗತಿ ಹೋದದ್ದಕ್ಕಿಂತ ಅದು ಹೆಚ್ಚು ಚುಚ್ಚಿತು.

ನೀನು ಬಂದು ಹೇಳುತ್ತೀಯೆಂದು ವರ್ಷಪೂರ್ತಿ, ಆ ಮಕ್ಕಳ ಕಣ್ಣಿಗೂ ಬೀಳದೆ, ಲೈಬ್ರರಿಯ ಒಳಕೋಣೆಯಲ್ಲಿ ಪುಸ್ತಕಗಳಿಗೆ ರಟ್ಟು ಹಾಕುತ್ತ ಕಾದೆ. ನೀನು ಬಂದರೆ ಏನು ಹೇಳಬೇಕೆಂದು ತಯಾರಿಯನ್ನೂ ಮಾಡಿಕೊಂಡಿದ್ದೆ, ಒಳ್ಳೊಳ್ಳೆಯ ವಾಕ್ಯಗಳು. ಈಗ ಒಂದೂ ನೆನಪಿಲ್ಲ. ಬರೆಯಲು ಕೂತಾಗ ಅವನ್ನೇ ಹುಡುಕುತ್ತಿದ್ದೆ, ಸಿಗಲಿಲ್ಲ.

ಹೊಟ್ಟೆಕಿಚ್ಚಿನ ಮಾತು ಬರೆದೆಯಲ್ಲ, ಅದರಿಂದ ಸಮಾಧಾನವಾಯಿತು. ‘ಒಳ್ಳೆಯದಕ್ಕೆ’ ಎಂಬುದನ್ನು ನಾನು ಎಂದೂ ನಂಬಿರಲಿಲ್ಲ. ಆದ್ದರಿಂದ ನೀನು ಅದೇ ಮಾತಲ್ಲಿ ನಿಂತಿದ್ದರೆ ಈ ಪತ್ರ ಬರುತ್ತಿರಲಿಲ್ಲ.

ಎರಡು ವಿಷಯ ತಿಳಿಯಬೇಕು. ಒಂದು, ಮರುದಿನ ಹೋಗಿ ನಿಮ್ಮ ಹೆಡ್‌ಮೇಡಂಗೆ ಏನು ಹೇಳಿದೆ? ಬರೆದೇ ಇಲ್ಲ. ಆ ಹುಡುಗನ ಗತಿ ಏನಾಯಿತು?

ಎರಡನೆಯದು ಹನ್ನೊಂದು ವರ್ಷದಿಂದ ಕೇಳಬೇಕೆಂದಿದ್ದು. ನಾನು ಆ ತರಗತಿ ಬಿಟ್ಟ ಮೇಲೆ ಮಕ್ಕಳು ಹೇಗಿದ್ದರು? ನನ್ನ ಬಗ್ಗೆ ಏನಾದರೂ ಕೇಳಿದರೇ? ಇದ್ದದ್ದನ್ನು ಇದ್ದ ಹಾಗೆ ಬರೆ. ಕೇಳಲಿಲ್ಲವಾದರೆ ಕೇಳಲಿಲ್ಲ ಎಂದೇ ಬರೆ.

ಅಲ್ಪವಿರಾಮ


ಫೆಬ್ರವರಿ ೨೦

ಪ್ರಿಯ ಅಲ್ಪವಿರಾಮ,

ನಿನ್ನ ಪತ್ರವನ್ನು ಸ್ಟಾಫ್ ರೂಮಿನಲ್ಲಿ ಒಡೆಯಲಿಲ್ಲ. ಮನೆಗೆ ತಂದು, ಕೈಕಾಲು ತೊಳೆದು, ಕೂತು ಓದಿದೆ. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಯಜಮಾನರು ಬಂದು ಹಣೆ ಮುಟ್ಟಿ ನೋಡಿದರು.

ಮೊದಲ ಪ್ರಶ್ನೆ. ಮರುದಿನ ಹೋಗಿ ಹೇಳಿದೆ: “ಗುಂಪಲ್ಲಿ ಅವರು ಏನಂದ್ರು ಅಂತ ನಾನು ಹೇಳೋ ಹಾಗಿಲ್ಲ ಮೇಡಂ. ನಿನ್ನೆ ಅರ್ಧ ವಾಕ್ಯ ಹೇಳಿದ್ದೂ ತಪ್ಪೇ. ಅವರ ಪಾಠ ಹೇಗಿದೆ ಅಂತ ತಿಳ್ಕೋಬೇಕಾದ್ರೆ ನೀವೇ ಹೋಗಿ ಕೂತು ನೋಡಿ.”

ಅವರ ಮುಖ ಕೆಂಪಾಯಿತು. “ನನಗೆ ಏನೂ ಗೊತ್ತಾಗದೇ ಇದ್ರೆ ಆ ಗುಂಪು ಯಾಕೆ ನಡೆಸ್ಬೇಕು?” ಎಂದರು. ಸೋಮವಾರ ನೋಡಿದರೆ ನಮ್ಮ ಗುಂಪಿನ ಹೊತ್ತು ವೇಳಾಪಟ್ಟಿಯಿಂದಲೇ ಮಾಯ.

ಶಾಲೆ ಬಿಟ್ಟ ಮೇಲೆ ಮೂವರನ್ನೂ ಚಿತ್ರಕಲೆಯ ಕೊಠಡಿಗೆ ಕರೆದು ನಡೆದದ್ದನ್ನೆಲ್ಲ ಹೇಳಿದೆ, ನನ್ನ ಆ ಅರ್ಧ ವಾಕ್ಯವನ್ನೂ ಸೇರಿಸಿ. ಹೊಸ ಮೇಷ್ಟ್ರ ಮುಖ ಸುಣ್ಣದ ಹಾಗಾಯಿತು. ಹಿರಿಯ ಮೇಷ್ಟ್ರು ಚಾವಣಿ ನೋಡುತ್ತ ಕೂತರು. ನಾನು ಎಣಿಸಿದೆ. ಐದಲ್ಲ, ಐವತ್ತರ ತನಕ ಎಣಿಸಿರಬೇಕು.

ಕೊನೆಗೆ ಹೊಸ ಮೇಷ್ಟ್ರೇ ಮಾತಾಡಿದರು. “ನೀವ್ಯಾರೂ ಹೇಳೋ ಹಾಗಿಲ್ಲ, ಸರಿ. ನನ್ನ ಮಾತನ್ನ ನಾನು ಎಲ್ಲಿಗೆ ಬೇಕಾದ್ರೂ ತಗೊಂಡು ಹೋಗಬಹುದಲ್ವಾ?”

“ಅದು ನಿಮ್ದೇ ಅಲ್ವೇನಪ್ಪಾ,” ಎಂದರು ಹಿರಿಯ ಮೇಷ್ಟ್ರು.

ಹೋದರು ಕಣೇ. ಬೆಳಗ್ಗೆ ಎಲ್ಲರಿಗಿಂತ ಮೊದಲು ಹೋಗಿ, ತಲೆಯಿಟ್ಟು ಕೂರಿಸುವ ಕಥೆಯನ್ನೆಲ್ಲ ಹೆಡ್‌ಮೇಡಂಗೆ ತಾವೇ ಹೇಳಿದರು. ಈ ವಾರ ಒಂದು ಸಲ ಬಂದು ನೋಡಿ, ಎರಡು ತಿಂಗಳು ಬಿಟ್ಟು ಇನ್ನೊಂದು ಸಲ ಬನ್ನಿ ಎಂದರಂತೆ. ಮೊದಲ ಸಲ ಹೆಡ್‌ಮೇಡಂ ಹೋದಾಗ ಎಂಟನೇ ತರಗತಿ ಸಂತೆಯಾಗಿತ್ತಂತೆ. ಆಮೇಲೆ ನಾವು ಮೂವರೂ ಸರದಿಯ ಮೇಲೆ ಹೊಸ ಮೇಷ್ಟ್ರ ತರಗತಿಯ ಕೊನೆಯ ಬೆಂಚಿನಲ್ಲಿ ಕೂತೆವು, ಅವರು ನಮ್ಮ ತರಗತಿಗಳಲ್ಲಿ ಕೂತರು. ಪದ್ಯವನ್ನು ತಾವೇ ಓದಿ ಹೇಳುವುದನ್ನು ಬಿಟ್ಟು ಮಕ್ಕಳಿಗೆ ಸಾಲು ಹಂಚಿ ಜಗಳವಾಡಲು ಬಿಡುವುದನ್ನು ಅವರೇ ಕಂಡುಕೊಂಡರು. ಗಲಾಟೆ ಈಗಲೂ ಇದೆ, ಪದ್ಯದ ಬಗ್ಗೆ. ಹೋದ ಗುರುವಾರ ಹೆಡ್‌ಮೇಡಂ ಎರಡನೇ ಸಲ ಹೋದರು. ಶುಕ್ರವಾರ ಕಾಗದಕ್ಕೆ ರುಜು ಬಿತ್ತು. ಈಗ ಹೊಸ ಮೇಷ್ಟ್ರು ಸ್ಟೂಲಿನ ಮೇಲೆ ಪೂರ್ತಿ ಕೂರುತ್ತಾರೆ.

ಅದಕ್ಕಿಂತ ವಿಶೇಷ ಇನ್ನೊಂದು. ವೇಳಾಪಟ್ಟಿಯಲ್ಲಿಲ್ಲದಿದ್ದರೂ ಸಂಜೆ ನಾವು ಕೂರುವುದನ್ನು ನೋಡಿ, ಮೊನ್ನೆ ಹೆಡ್‌ಮೇಡಂ ಬಾಗಿಲಲ್ಲಿ ಬಂದು ನಿಂತರು. “ನಾನೂ ವಾರಕ್ಕೊಂದು ವ್ಯಾಕರಣದ ಪೀರಿಯಡ್ ತಗೋತೀನಿ. ಮಕ್ಕಳು ನನ್ನ ಮುಂದೆ ಉಸಿರೇ ಬಿಡಲ್ಲ. ಅದು ಒಳ್ಳೇದು ಅಂದ್ಕೊಂಡಿದ್ದೆ. ಬರಬಹುದಾ?”

ನಾನು ಹೊಸ ಮೇಷ್ಟ್ರ ಮುಖ ನೋಡಿದೆ. ಒಪ್ಪಬೇಕಾದವರು ಅವರು. ತಲೆ ಆಡಿಸಿದರು. ಹಿರಿಯ ಮೇಷ್ಟ್ರು ಮಾತ್ರ “ಕುರ್ಚಿ ಇಲ್ಲ ಮೇಡಂ, ಸ್ಟೂಲಲ್ಲೇ ಕೂರ್ಬೇಕು. ಒಳಗೆ ಬಂದ್ಮೇಲೆ ಇಲ್ಲಿ ಹೆಡ್ಡೂ ಇಲ್ಲ,” ಎಂದರು. ಕೂತರು. ಸೀರೆ ನೆರಿಗೆಗೆ ನೀಲಿ ಬಣ್ಣ ಹತ್ತಿತು.

ಇನ್ನು ನಿನ್ನ ಎರಡನೇ ಪ್ರಶ್ನೆ.

ಕೇಳಿದರು. ಮೊದಲ ದಿನ ಒಳಗೆ ಕಾಲಿಟ್ಟ ಕೂಡಲೇ ಮೊದಲ ಬೆಂಚಿನ ಎರಡು ಜಡೆಯವಳು ಎದ್ದು “ನಮ್ಮ ಮೇಡಂ ಯಾವಾಗ ಬರ್ತಾರೆ?” ಎಂದಳು. ಸ್ವಲ್ಪ ದಿನ ಎಂದೆ. ಅದೂ ಸುಳ್ಳೇ. ನಕಲು ಪುಸ್ತಕ ಕೊಡಿ, ತಿದ್ದುತ್ತೇನೆ ಎಂದರೆ ಒಬ್ಬರೂ ಕೊಡಲಿಲ್ಲ. “ಅದು ಮೇಡಂ ಬರೆಸಿದ್ದು, ಅವರೇ ನೋಡ್ಬೇಕು,” ಎಂದರು. ಮೂರು ವಾರ ದಿನಾ ಕೇಳಿದರು. ಆಮೇಲೆ ಪರೀಕ್ಷೆ ಹತ್ತಿರವಾಯಿತು, ಕೇಳುವುದನ್ನು ಬಿಟ್ಟರು. ಮಕ್ಕಳಲ್ಲವೇ.

ವರ್ಷದ ಕೊನೆಯಲ್ಲಿ ಮಕ್ಕಳು ಕೊನೆಗೂ ಆ ನಕಲು ಪುಸ್ತಕಗಳನ್ನು ಕೊಟ್ಟಾಗ ಒಂದೊಂದನ್ನೇ ತೆರೆದು ನೋಡಿದೆ. ನೀನು ಸುಮ್ಮನೆ ಏನೋ ಒಂದನ್ನು ಬರೆಸಿದ್ದಲ್ಲ. ಒಂದು ದಿನ ಪ್ರವಾಸದ ಪುಟ, ಒಂದು ದಿನ ಯಾರದ್ದೋ ಪತ್ರ, ಒಂದು ದಿನ ಅಡುಗೆಮನೆಯ ವರ್ಣನೆ, ಎಲ್ಲ ಆರಿಸಿದ್ದು. ಅದೇ ಎರಡು ಜಡೆಯವಳು ಹೇಳಿದಳು: “ಮೇಡಂ ಮಾತಾಡ್ತಿರ್ಲಿಲ್ಲ. ಆದ್ರೆ ಬರೆಯೋವಾಗ ಹಿಂದೆ ಬಂದು ನಿಂತು, ನಾವು ಪೆನ್ನು ಹಿಡ್ಕೊಂಡಿದ್ದನ್ನ ಸರಿಮಾಡೋರು.” ಆ ವರ್ಷ ಇಡೀ ಶಾಲೆಯಲ್ಲಿ ಅವರಷ್ಟು ಚೆಂದ ಬರೆಯುವವರು ಯಾರೂ ಇರಲಿಲ್ಲ. ಫಲಿತಾಂಶವೂ ಚೆನ್ನಾಗಿ ಬಂತು. ಹೊಗಳಿಕೆ ನನಗೆ ಸಿಕ್ಕಿತು. ತೆಗೆದುಕೊಂಡೆ.

ಎರಡು ವರ್ಷದ ಹಿಂದೆ ಒಂದು ಬಟ್ಟೆ ಅಂಗಡಿಯಲ್ಲಿ ಅವರಲ್ಲೊಬ್ಬಳು ಸಿಕ್ಕಳು, ಅಲ್ಲೇ ಕೆಲಸಕ್ಕಿದ್ದಾಳೆ. ನನ್ನನ್ನು ಗುರುತು ಹಿಡಿದು, ಮೊದಲು ಕೇಳಿದ್ದೇ “ಆ ಮೇಡಂ ಹೇಗಿದ್ದಾರೆ?” ಎಂದು. ಯಾವ ಮೇಡಂ ಎಂದು ನಾನು ಕೇಳಲಿಲ್ಲ. ಗೊತ್ತಿಲ್ಲಮ್ಮ ಎಂದು ಏನೂ ಕೊಳ್ಳದೆ ಹೊರಗೆ ಬಂದುಬಿಟ್ಟೆ.

ಇದ್ದದ್ದು ಇಷ್ಟು.

ನಿನ್ನ,
ರೈಲು


ಮಾರ್ಚ್ ೧೪

ಪ್ರಿಯ ರೈಲು,

ನಿನ್ನ ಪತ್ರ ಬಂದದ್ದು ಶನಿವಾರ. ಓದಿ, ಕೆಳಗಿಳಿದು, ಚಪ್ಪಲಿ ಹೊಲಿಯುವವರ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತೆ. ಅವರು ಒಂದು ಸಲ ತಲೆಯೆತ್ತಿ ನೋಡಿ, ಏನೂ ಕೇಳದೆ ತಮ್ಮ ಕೆಲಸ ಮಾಡಿಕೊಂಡಿದ್ದರು. ನಮ್ಮ ಗುಂಪಿಗೆ ಅಂಥವರು ಬೇಕು.

ಎಲ್ಲ ಮರೆತುಬಿಟ್ಟೆ ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ಆ ಮಕ್ಕಳ ಎದುರು ನಾನು ಏನೂ ಅಲ್ಲದೆ ಹೋದೆ ಎಂದು ಹನ್ನೊಂದು ವರ್ಷ ಅಂದುಕೊಂಡಿದ್ದೆ. ಪೆನ್ನು ಸರಿಮಾಡುತ್ತಿದ್ದುದು ನನಗೆ ನೆನಪೇ ಇರಲಿಲ್ಲ. ಅವಳಿಗೆ ಇತ್ತು. ಬಟ್ಟೆ ಅಂಗಡಿಯ ಹುಡುಗಿ ಮತ್ತೆ ಸಿಕ್ಕರೆ ಮೇಡಂ ಚೆನ್ನಾಗಿದ್ದಾರೆ ಎಂದು ಹೇಳು. ಈ ಸಲ ಏನಾದರೂ ಕೊಂಡುಕೋ.

ಇಲ್ಲಿ ಐದು ವರ್ಷದಿಂದ ಗುಂಪು ನಡೆಸುತ್ತಿದ್ದೇನಲ್ಲ, ಎಲ್ಲರ ಕೆಟ್ಟ ದಿನಗಳನ್ನೂ ಕೇಳಿದ್ದೇನೆ. ನನ್ನದನ್ನು ಮಾತ್ರ ಒಂದು ದಿನವೂ ಹೇಳಿರಲಿಲ್ಲ. ರೆಕಾರ್ಡ್ ಮಾಡಿ ಹಾಕಿದ್ದು ಕೂಡ ಸಾಧಾರಣ ಪಾಠವೊಂದನ್ನೇ. ಹೋದ ಬುಧವಾರ ನಕಲು ಬರೆಸಿದ ಎರಡು ತಿಂಗಳ ಕಥೆ ಹೇಳಿದೆ. ಎಂಟು ಜನ ಇದ್ದರು. ಆಕಾಶವೇನೂ ಕಳಚಿ ಬೀಳಲಿಲ್ಲ. ಸಂಜೆ ತರಗತಿಗಳಲ್ಲಿ ದೊಡ್ಡವರಿಗೆ ಕಲಿಸುವ ಒಬ್ಬರು “ನಿಮಗೆ ದನಿ ವಾಪಸ್ಸು ಬಂದಿದ್ದು ಯಾವಾಗ?” ಎಂದು ಕೇಳಿದರು. ಯೋಚಿಸಿ ಹೇಳಿದೆ, ಇಲ್ಲಿಗೆ ಬಂದ ಮೊದಲ ವರ್ಷ, ಒಂದು ಮಗು ತಪ್ಪಾಗಿ ಓದಿ ತಾನೇ ನಕ್ಕುಬಿಟ್ಟಾಗ ನಾನೂ ನಕ್ಕೆ, ಆ ದಿನ ಎಂದು. ಅದೂ ನನಗೆ ಅವರು ಕೇಳುವ ತನಕ ಗೊತ್ತಿರಲಿಲ್ಲ.

ಈಗ ಕೆಲಸದ ಮಾತು. ಮುಂದಿನ ತಿಂಗಳು ಇಲ್ಲಿಯ ನಾಲ್ಕು ಶಾಲೆಗಳ ಭಾಷಾ ಶಿಕ್ಷಕರು ಎರಡು ದಿನ ಒಟ್ಟಿಗೆ ಕೂರುತ್ತಾರೆ. ಗುಂಪುಗಳು ಎರಡು, ನಡೆಸುವವಳು ನಾನೊಬ್ಬಳೇ. ಇನ್ನೊಂದಕ್ಕೆ ಹೊರಗಿನಿಂದ ಯಾರನ್ನಾದರೂ ಕರೆಯಬೇಕಾಯಿತು. ನಿನ್ನ ಹೆಸರು ಹೇಳಿದೆ. ಇಲ್ಲಿ ಯಾರಿಗೂ ನಿನ್ನ ಪರಿಚಯವಿಲ್ಲ. ಸಂಜೆ ತರಗತಿಯವರು ಕೇಳಿಯೇಬಿಟ್ಟರು:

“ನಮ್ಮ ಒಳಗಿನ ಮಾತೆಲ್ಲ ಅವರ ಮುಂದೆ ಆಡ್ಬೇಕಲ್ಲ ಮೇಡಂ. ಅವರು ಎಲ್ಲೂ ಬಾಯಿ ಬಿಡಲ್ಲ ಅಂತ ಹೇಗೆ ನಂಬೋದು?”

ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ನನಗೆ ಹೆಸರಿಟ್ಟದ್ದೇ ಅದಕ್ಕಲ್ಲವೇ. ಆಮೇಲೆ, “ಅದಕ್ಕೆ ನಾನು ಜವಾಬ್ದಾರಿ,” ಎಂದೆ.

ಬೆಳಗ್ಗೆ ಆರಕ್ಕೆ ಹೊರಡುವ ಬಸ್ಸು ಹತ್ತೂವರೆಗೆ ಇಲ್ಲಿರುತ್ತದೆ. ನಿಲ್ದಾಣಕ್ಕೆ ನಾನು ಬರುತ್ತೇನೆ. ಉಳಿದುಕೊಳ್ಳಲು ಬೇರೆ ಕಡೆ ನೋಡಬೇಡ, ನನ್ನ ಮನೆಯಲ್ಲೇ ಇರು.

ನಿನ್ನ,
ಅಲ್ಪ